ತಲೆಗೆ ಬಹುಮಾನ ಇಟ್ಟವನಿಗೆ ಕುರ್ಚಿ ಬಿಟ್ಟುಕೊಟ್ಟ ಕಥೆ: ನೇಪಾಳದ ಅಧಿಕಾರ ಹಂಚಿಕೆ ಗೆದ್ದಿತೋ ಸೋತಿತೋ?

ನಿವೃತ್ತ ಮೇಷ್ಟರು

2002ರಲ್ಲಿ ನೇಪಾಳದ ಪ್ರಧಾನಿ ಶೇರ್ ಬಹಾದೂರ್ ದೇವುಬಾ. ಅವರ ಸರ್ಕಾರ ಮಾವೋವಾದಿ ನಾಯಕ ಪ್ರಚಂಡರ ತಲೆಗೆ ಬಹುಮಾನ ಘೋಷಿಸಿತ್ತು. 2017ರ ಮೇ ತಿಂಗಳಲ್ಲಿ ಅದೇ ಪ್ರಚಂಡ ಪ್ರಧಾನಿ ಕುರ್ಚಿಯಿಂದ ತಾವಾಗಿಯೇ ಎದ್ದರು. ಮೊದಲೇ ಆಗಿದ್ದ ಮಾತಿನಂತೆ ಆ ಜಾಗಕ್ಕೆ ಬಂದು ಕುಳಿತವರು ದೇವುಬಾ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದ ದಿನಗಳಲ್ಲಿ ಈ ಪ್ರಸಂಗವನ್ನು ಹೇಳಿ, ಅಂತರ್ಯುದ್ಧವನ್ನು ಹೀಗೂ ಮುಗಿಸಬಹುದು ನೋಡಿ ಎಂದು ಖುಷಿಪಡುತ್ತಿದ್ದೆ. ಈಗ ಅಷ್ಟು ಖುಷಿ ಇಲ್ಲ. ಅದಕ್ಕೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಮಾವೋವಾದಿಗಳು ‘ಜನಯುದ್ಧ’ ಸಾರಿದ್ದು 1996ರ ಫೆಬ್ರುವರಿ 13ರಂದು. ಹತ್ತು ವರ್ಷಗಳಲ್ಲಿ ಸತ್ತವರು ಸುಮಾರು 17,000. 2005ರ ಫೆಬ್ರುವರಿಯಲ್ಲಿ ರಾಜ ಜ್ಞಾನೇಂದ್ರ ಪಕ್ಷಗಳನ್ನೆಲ್ಲ ಬದಿಗೆ ತಳ್ಳಿ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡ. ಅಲ್ಲಿಯವರೆಗೆ ಪರಸ್ಪರ ಶತ್ರುಗಳಾಗಿದ್ದ ಸಂಸದೀಯ ಪಕ್ಷಗಳಿಗೂ ಬಂಡುಕೋರರಿಗೂ ಆಗ ಒಬ್ಬನೇ ಶತ್ರು ಉಳಿದ. ಆ ವರ್ಷದ ನವೆಂಬರಿನಲ್ಲಿ ದೆಹಲಿಯಲ್ಲಿ ಹನ್ನೆರಡು ಅಂಶಗಳ ತಿಳಿವಳಿಕೆಗೆ ಬಂದರು. 2006ರ ಏಪ್ರಿಲಿನಲ್ಲಿ ಹತ್ತೊಂಬತ್ತು ದಿನ ಜನ ಬೀದಿಗಿಳಿದರು, ರಾಜ ಮಣಿದ. ನವೆಂಬರ್ 21ರಂದು ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ ಮತ್ತು ಪ್ರಚಂಡ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು.

ನನ್ನ ಪ್ರಶ್ನೆ ಇರುವುದು ಅದರ ನಂತರದ ಭಾಗದಲ್ಲಿ. 2007ರ ಜನವರಿಯಲ್ಲಿ ರಚನೆಯಾದ 330 ಸದಸ್ಯರ ಮಧ್ಯಂತರ ಸಂಸತ್ತಿನಲ್ಲಿ ಮಾವೋವಾದಿಗಳಿಗೆ 83 ಸ್ಥಾನ ಕೊಟ್ಟರು. ಚುನಾವಣೆ ಇಲ್ಲ, ಮತ ಇಲ್ಲ, ಮಾತುಕತೆಯಲ್ಲೇ ಲೆಕ್ಕ ಮುಗಿಯಿತು. ಏಪ್ರಿಲಿನಲ್ಲಿ ಐದು ಸಚಿವ ಸ್ಥಾನಗಳು. ಮಧ್ಯಂತರ ಸಂವಿಧಾನದಲ್ಲಿ ‘ಸಹಮತಿ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ: ಸರ್ಕಾರ ಸಹಮತಿಯಿಂದ ರಚನೆಯಾಗಬೇಕು, ನಿರ್ಧಾರಗಳು ಸಹಮತಿಯಿಂದ ಆಗಬೇಕು. ಆದರೆ ನೇಪಾಳದ ಬೀದಿಯ ಜನ ಇದಕ್ಕೆ ಬಳಸಿದ ಪದ ಬೇರೆ. ಅವರು ‘ಭಾಗಬಂಡಾ’ ಎಂದರು. ನಮ್ಮ ಕಡೆ ಆಸ್ತಿ ಪಾಲು ಮಾಡಿಕೊಳ್ಳುವುದಕ್ಕೆ ಏನು ಹೇಳುತ್ತೇವೋ ಹೆಚ್ಚು ಕಡಿಮೆ ಅದೇ. ಸಹಮತಿ ಯಾವಾಗ ಭಾಗಬಂಡಾ ಆಯಿತು? ಆಗದಂತೆ ತಡೆಯಬಹುದಿತ್ತೇ?

ತುಂಗಾತೀರ

ಮೇಷ್ಟರೇ, ಕುರ್ಚಿ ಪಾಲು ಮಾಡಿಕೊಳ್ಳುವುದನ್ನು ನೋಡಲು ಕಠ್ಮಂಡುವಿಗೆ ಹೋಗಬೇಕೇ? 2006ರ ಇಪ್ಪತ್ತು-ಇಪ್ಪತ್ತು ತಿಂಗಳ ಒಪ್ಪಂದವನ್ನು ನಾವೆಲ್ಲ ಕಣ್ಣಾರೆ ಕಂಡವರು. ಮೊದಲ ಪಾಲುದಾರನ ಸರದಿ ಮುಗಿಯುವ ಹೊತ್ತಿಗೆ ಎರಡನೆಯವರಿಗೆ ಏನಾಯಿತು ಎಂಬುದೂ ನೆನಪಿದೆ.

ನಿರ್ವಾಹಕ

ಕರ್ನಾಟಕದ ಕುರ್ಚಿಗೆ ಬೇರೆ ಎಳೆಗಳು ಬೇಕಾದಷ್ಟಿವೆ. ದಯವಿಟ್ಟು ಇಲ್ಲಿ ನೇಪಾಳದ ಮಾತಾಡಿ.

ನಿವೃತ್ತ ಮೇಷ್ಟರು

ನಿರ್ವಾಹಕರು ಕ್ಷಮಿಸಬೇಕು, ಒಂದೇ ಸಾಲು. ವಿಧಾನಸೌಧದ ಒಪ್ಪಂದ ಮುರಿದಾಗ ಪತ್ರಿಕಾಗೋಷ್ಠಿಗಳು ನಡೆದವು. ಅಲ್ಲಿ ಒಪ್ಪಂದ ಮುರಿದರೆ ಬಂದೂಕು ಇಟ್ಟಿದ್ದ ಪೆಟ್ಟಿಗೆಯ ಬೀಗ ತೆಗೆಯಬಹುದಿತ್ತು. ಕೀಲಿಕೈ ಮಾವೋವಾದಿ ಕಮಾಂಡರುಗಳ ಬಳಿಯೇ ಇತ್ತು.

ರಾತ್ರಿಪಾಳಿ

ಕೀಲಿಕೈ ಅವರ ಬಳಿಯೇ ಇತ್ತೇ? ಹಾಗಾದರೆ ಅದು ಎಂತಹ ನಿಶ್ಶಸ್ತ್ರೀಕರಣ? ಬಿಡಿಸಿ ಹೇಳಿ. ನನಗೆ ಸಚಿವ ಸಂಪುಟದ ಲೆಕ್ಕಕ್ಕಿಂತ ಇದೇ ಮುಖ್ಯ ಅನಿಸುತ್ತಿದೆ.

ನಿವೃತ್ತ ಮೇಷ್ಟರು

ಮುಖ್ಯ ಎಂಬುದು ಸರಿ. ನನ್ನ ಮಟ್ಟಿಗೆ ನೇಪಾಳದ ನಿಜವಾದ ಅಧಿಕಾರ ಹಂಚಿಕೆ ನಡೆದದ್ದು ಶಿಬಿರಗಳಲ್ಲಿ.

ಒಂದು ದೇಶ, ಎರಡು ಸೇನೆ. ಒಂದನ್ನು ಸೋಲಿಸಲು ಇನ್ನೊಂದಕ್ಕೆ ಆಗಿರಲಿಲ್ಲ. ಶಾಂತಿ ಒಪ್ಪಂದದಂತೆ ಮಾವೋವಾದಿ ಸೈನಿಕರು ಏಳು ಮುಖ್ಯ ಶಿಬಿರಗಳಿಗೆ, ಅವುಗಳ ಸುತ್ತಲಿನ ಇಪ್ಪತ್ತೊಂದು ಉಪಶಿಬಿರಗಳಿಗೆ ಬಂದು ಕುಳಿತರು. ಪೂರ್ವದ ಇಲಾಮ್‌ನ ಚುಲಾಚುಲಿಯಿಂದ ಪಶ್ಚಿಮದ ಕೈಲಾಲಿಯವರೆಗೆ ಶಿಬಿರಗಳು ಹರಡಿದ್ದವು. ಅವರ ಬಂದೂಕುಗಳನ್ನು ನೋಂದಾಯಿಸಿ ಕಬ್ಬಿಣದ ಕಂಟೇನರುಗಳಲ್ಲಿ ಇಟ್ಟರು. ಬೀಗ ಹಾಕಿ ಕೀಲಿಯನ್ನು ಅವರಿಗೇ ಕೊಟ್ಟರು. ವಿಶ್ವಸಂಸ್ಥೆಯ ನಿರಾಯುಧ ವೀಕ್ಷಕರು ಹೊರಗೆ ಕುಳಿತು ನೋಡುವುದು. ಬಾಗಿಲು ತೆರೆದರೆ ಸೈರನ್ ಕೂಗುತ್ತದೆ, ರಾತ್ರಿಯಿಡೀ ದೀಪ ಉರಿಯುತ್ತದೆ, ಕ್ಯಾಮೆರಾ ನೋಡುತ್ತಿರುತ್ತದೆ. ವೀಕ್ಷಕರು ಪೂರ್ಣ ಸಂಖ್ಯೆಯಲ್ಲಿ ಬರುವವರೆಗೆ ಪೆಟ್ಟಿಗೆ ಕಾದವರಲ್ಲಿ ಭಾರತೀಯ ಮತ್ತು ಬ್ರಿಟಿಷ್ ಸೇನೆಗಳಿಂದ ನಿವೃತ್ತರಾದ ಗೂರ್ಖಾಗಳಿದ್ದರು ಎಂಬುದು ನನಗೆ ಇಷ್ಟವಾದ ವಿವರ.

ಇದರ ಜಾಣತನ ಇರುವುದು ಇನ್ನೊಂದು ಕಡೆ. ಮಾವೋವಾದಿಗಳು ಎಷ್ಟು ಬಂದೂಕು ಇಟ್ಟರೋ ಅಷ್ಟೇ ಬಂದೂಕುಗಳನ್ನು ನೇಪಾಳ ಸೇನೆಯೂ ತನ್ನ ಬ್ಯಾರಕ್ಕಿನಲ್ಲಿ ಬೀಗ ಹಾಕಿ ಇಡಬೇಕಿತ್ತು. ತೊಂಬತ್ತು ಸಾವಿರಕ್ಕೂ ಮೀರಿದ ಸೇನೆಗೆ ಮೂರೂವರೆ ಸಾವಿರ ಬಂದೂಕು ಲೆಕ್ಕಕ್ಕೇ ಇಲ್ಲ. ಆದರೂ ಸಮಾನತೆಯ ನೋಟ ಬೇಕಿತ್ತು. ಶರಣಾದೆವು ಎಂದು ಯಾರೂ ಮನೆಗೆ ಹೋಗಿ ಹೇಳಬೇಕಾಗಿ ಬರಬಾರದು.

ಸೈನಿಕರ ಲೆಕ್ಕದಲ್ಲಿ ಮಾತ್ರ ಎಲ್ಲರೂ ನಗೆಪಾಟಲಾದರು. ವಿಶ್ವಸಂಸ್ಥೆಯ ಪರಿಶೀಲನೆಯಲ್ಲಿ ಅರ್ಹರಾದವರು 19,602. ಕೆಲ ಕಾಲದ ನಂತರ ಶಕ್ತಿಖೋರ್ ಶಿಬಿರದ ಒಂದು ವಿಡಿಯೊ ಹೊರಬಿತ್ತು. ಅದರಲ್ಲಿ ಪ್ರಚಂಡ ತಮ್ಮವರೆದುರು, ನಮ್ಮ ಬಳಿ ಇದ್ದವರು ಏಳೆಂಟು ಸಾವಿರ, ನಾವು ತೋರಿಸಿದ್ದು ಮೂವತ್ತೈದು ಸಾವಿರ ಎಂಬ ಅರ್ಥದಲ್ಲಿ ಹೆಮ್ಮೆಯಿಂದ ಮಾತಾಡುತ್ತಿದ್ದರು. ಮದುವೆಗೆ ಬರುವ ನೆಂಟರ ಸಂಖ್ಯೆಯನ್ನು ಅಡುಗೆಯವನಿಗೆ ಏರಿಸಿ ಹೇಳಿದ ಹಾಗೆ.

ರಾತ್ರಿಪಾಳಿ

ಕೊನೆಗೆ ಆ ಹತ್ತೊಂಬತ್ತು ಸಾವಿರ ಮಂದಿ ಎಲ್ಲಿ ಹೋದರು?

ನಿವೃತ್ತ ಮೇಷ್ಟರು

ಐದು ವರ್ಷ ಅಲ್ಲೇ ಕುಳಿತಿದ್ದರು. 2011ರ ನವೆಂಬರ್ 1ರಂದು ಪಕ್ಷಗಳು ಏಳು ಅಂಶಗಳ ಒಪ್ಪಂದಕ್ಕೆ ಬಂದವು: 6,500ರವರೆಗೆ ಸೇನೆಗೆ ಸೇರಬಹುದು, ಬೇಡವೆಂದವರಿಗೆ ದರ್ಜೆಗೆ ತಕ್ಕಂತೆ ಐದರಿಂದ ಎಂಟು ಲಕ್ಷ ನೇಪಾಳಿ ರೂಪಾಯಿ. ಮೊದಲು ಸೇನೆ ಬೇಕೆಂದವರು ಒಂಬತ್ತು ಸಾವಿರ ಮೀರಿದ್ದರು. ಆಮೇಲೆ ಎಷ್ಟೋ ಮಂದಿ ಮನಸ್ಸು ಬದಲಿಸಿ ಚೆಕ್ ತೆಗೆದುಕೊಂಡರು. ಅಂತಿಮವಾಗಿ ಸೇನೆಯ ಸಮವಸ್ತ್ರ ತೊಟ್ಟವರು ಸುಮಾರು 1,400. ಅಷ್ಟರಲ್ಲಿ ಬಾಬುರಾಮ್ ಭಟ್ಟರಾಯ್ ಪ್ರಧಾನಿಯಾಗಿದ್ದರು. 2012ರ ಏಪ್ರಿಲಿನಲ್ಲಿ ಶಿಬಿರಗಳಿಗೆ ನೇಪಾಳ ಸೇನೆ ಬಂದು ಕೀಲಿ ತೆಗೆದುಕೊಂಡಿತು. ಅಂದರೆ ಮಾವೋವಾದಿಗಳ ಸೈನ್ಯವನ್ನು ಕರಗಿಸಿದ್ದು ಮಾವೋವಾದಿ ಪ್ರಧಾನಿಯೇ. ಬೇರೆ ಯಾರು ಆ ಆದೇಶ ಹೊರಡಿಸಿದ್ದರೂ ರಕ್ತ ಹರಿಯುತ್ತಿತ್ತು ಎಂದು ನನ್ನ ನಂಬಿಕೆ. ಕುರ್ಚಿ ಕೊಟ್ಟದ್ದಕ್ಕೆ ಸಿಕ್ಕ ದೊಡ್ಡ ಲಾಭ ಇದು.

ರೋಲ್ಪಾದ ಮೊಮ್ಮಗಳು

ನಮಸ್ಕಾರ. ಈ ವೇದಿಕೆಯಲ್ಲಿ ಹಲವು ವರ್ಷಗಳಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ನನ್ನ ಅಪ್ಪ ನೇಪಾಳದ ರೋಲ್ಪಾ ಜಿಲ್ಲೆಯವರು. 2003ರಲ್ಲಿ ನಮ್ಮನ್ನು ಕರೆದುಕೊಂಡು ಬೆಂಗಳೂರಿಗೆ ಬಂದರು, ಅಪಾರ್ಟ್‌ಮೆಂಟ್ ಒಂದರಲ್ಲಿ ಕಾವಲುಗಾರರಾದರು. ನಾನು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿದವಳು.

ಮೇಷ್ಟರು 19,602 ಮಂದಿಯ ಲೆಕ್ಕ ಹೇಳಿದರು. ಪರಿಶೀಲನೆಯಲ್ಲಿ ಹೊರಗುಳಿದವರ ಲೆಕ್ಕವೂ ಒಂದಿದೆ: 4,008. ಅವರಲ್ಲಿ 2,973 ಮಂದಿ ಅಪ್ರಾಪ್ತ ವಯಸ್ಕರು, ಉಳಿದವರು ಕದನವಿರಾಮದ ನಂತರ ಸೇರಿದವರು. ನನ್ನ ಅತ್ತೆ, ಅಂದರೆ ಅಪ್ಪನ ಕೊನೆಯ ತಂಗಿ, ಆ ಅಪ್ರಾಪ್ತರಲ್ಲಿ ಒಬ್ಬರು. ಹದಿನಾಲ್ಕು ವರ್ಷಕ್ಕೆ ಸೇರಿದರು. ‘ಮನೆಗೊಬ್ಬರು’ ಎಂದು ಕೇಳಿಕೊಂಡು ಬರುತ್ತಿದ್ದ ಕಾಲ. ಅಪ್ಪ ಊರು ಬಿಟ್ಟದ್ದೂ ಆ ಭಯಕ್ಕೇ. ಮಾವೋವಾದಿಗಳಿಗೆ ಊಟ ಹಾಕಿದರೆ ಸೇನೆ ಹಿಡಿಯುತ್ತಿತ್ತು, ಹಾಕದಿದ್ದರೆ ಅವರು ಬಿಡುತ್ತಿರಲಿಲ್ಲ.

ಅತ್ತೆಯನ್ನು 2010ರ ಆರಂಭದಲ್ಲಿ ದಹಬಾನ್ ಶಿಬಿರದಿಂದ ಕಳುಹಿಸಿದರು. ಅವರಿಗೆ ಸಿಕ್ಕ ಸರ್ಕಾರಿ ಹೆಸರು ‘ಅಯೋಗ್ಯ’. ನೇಪಾಳಿಯಲ್ಲಿ ಅದಕ್ಕೆ ಅನರ್ಹ ಎಂಬ ಅರ್ಥ. ಕನ್ನಡದಲ್ಲಿ ಆ ಪದ ಏನೆಂದು ನಿಮಗೆಲ್ಲ ಗೊತ್ತು. ಶಾಲೆಯಲ್ಲಿ ಆ ಪದ ಬಳಸಿದ್ದಕ್ಕೆ ನನಗೆ ಬೆತ್ತದ ಏಟು ಬಿದ್ದಿದೆ. ಫೋನಿನಲ್ಲಿ ಅಪ್ಪ “ನಿನ್ನತ್ತೆಯನ್ನು ಅಯೋಗ್ಯ ಮಾಡಿದರು” ಎಂದಾಗ ನನಗೆ ಎರಡೂ ಭಾಷೆಯಲ್ಲಿ ಒಟ್ಟಿಗೆ ಕೇಳಿಸಿತು. ನೇಪಾಳದಲ್ಲಿಯೂ ಆ ಹುಡುಗ ಹುಡುಗಿಯರು ಆ ಪದಕ್ಕೇ ಹೆಚ್ಚು ನೊಂದುಕೊಂಡರು. ಅವರಿಗೆ ಲಕ್ಷಗಳ ಚೆಕ್ ಇರಲಿಲ್ಲ, ಕಸುಬಿನ ತರಬೇತಿಯ ಆಯ್ಕೆ ಮಾತ್ರ. ಅತ್ತೆ ಹೊಲಿಗೆ ಆರಿಸಿಕೊಂಡರು. ಹಾಗಾಗಿ ಅಧಿಕಾರ ಹಂಚಿಕೆ ಎಂದಾಗ ನಮ್ಮ ಮನೆಗೆ ಬಂದ ಪಾಲು ಒಂದು ಹೊಲಿಗೆ ಯಂತ್ರ. ಅದು ಈಗಲೂ ಚೆನ್ನಾಗಿ ಓಡುತ್ತದೆ.

ತುಂಗಾತೀರ

ಇದನ್ನು ಓದಿದ ಮೇಲೆ ವ್ಯಂಗ್ಯವಾಡಲು ನಾಚಿಕೆಯಾಗುತ್ತದೆ. ಆದರೂ ವಾದ ಬಿಡುವುದಿಲ್ಲ.

ಮೇಷ್ಟರು ಸಹಮತಿ ಯಾವಾಗ ಭಾಗಬಂಡಾ ಆಯಿತು ಎಂದು ಕೇಳಿದರು. ನನಗೆ ತಿಂಗಳು ಗೊತ್ತು: 2008ರ ಜುಲೈ. ಏಪ್ರಿಲಿನ ಸಂವಿಧಾನ ಸಭೆಯ ಚುನಾವಣೆಯಲ್ಲಿ ಯಾರೂ ಊಹಿಸದಂತೆ ಮಾವೋವಾದಿಗಳು 220 ಸ್ಥಾನ ಗೆದ್ದರು. ನೇಪಾಳಿ ಕಾಂಗ್ರೆಸ್ 110, ಎಮಾಲೆ ಎಂಬ ಇನ್ನೊಂದು ಕಮ್ಯುನಿಸ್ಟ್ ಪಕ್ಷ 103. ಮೇ 28ರಂದು ರಾಜಪ್ರಭುತ್ವ ಹೋಯಿತು. ಅಲ್ಲಿಗೆ ಸಾಮಾನ್ಯ ಶತ್ರು ಮುಗಿದ, ಸ್ನೇಹವೂ ಮುಗಿಯಿತು. ಮೊದಲ ರಾಷ್ಟ್ರಪತಿ ಆಗಬೇಕೆಂಬುದು ವಯಸ್ಸಾದ ಕೊಯಿರಾಲಾ ಆಸೆ. ಅವರನ್ನು ಅಲ್ಲಿ ಕೂರಿಸಿದ್ದರೆ ಕಾಂಗ್ರೆಸ್ ಸರ್ಕಾರದೊಳಗೆ ಇರುತ್ತಿತ್ತು. ಮಾವೋವಾದಿಗಳು ಒಪ್ಪಲಿಲ್ಲ. ಉಳಿದವರೆಲ್ಲ ಸೇರಿ ಕಾಂಗ್ರೆಸ್ಸಿನ ರಾಮ್ ಬರನ್ ಯಾದವ್ ಅವರನ್ನು ರಾಷ್ಟ್ರಪತಿ ಮಾಡಿದರು. ಆಗಸ್ಟಿನಲ್ಲಿ ಪ್ರಚಂಡ ಪ್ರಧಾನಿ, ಕಾಂಗ್ರೆಸ್ ಹೊರಗೆ. ಆ ಮತದಾನದಲ್ಲಿ ಪ್ರಚಂಡರ ಎದುರಾಳಿ ಯಾರು ಗೊತ್ತೇ? ದೇವುಬಾ. ಈ ಕಥೆಯಲ್ಲಿ ಪಾತ್ರಗಳು ಕಡಿಮೆ, ಪ್ರವೇಶಗಳು ಜಾಸ್ತಿ.

ಆ ಜುಲೈ ತಿಂಗಳಲ್ಲೇ ಮಧ್ಯಂತರ ಸಂವಿಧಾನ ತಿದ್ದಿ, ಸಹಮತಿ ಆಗದಿದ್ದರೆ ಸರಳ ಬಹುಮತ ಸಾಕು ಎಂದರು. ನನ್ನ ಪ್ರಕಾರ ಕತ್ತು ಕುಯ್ದದ್ದು ಆ ತಿದ್ದುಪಡಿ. ಮೂರು ದೊಡ್ಡ ಪಕ್ಷಗಳಿದ್ದು ಬಹುಮತ ಸಾಕೆಂದ ಮೇಲೆ, ಯಾವ ಎರಡು ಸೇರಿದರೂ ಮೂರನೆಯದನ್ನು ಹೊರಗಿಡಬಹುದು. ಹೊರಗಿದ್ದವನು ನಾಳೆ ಬೆಳಿಗ್ಗೆಯೇ ಒಳಗಿನ ಒಬ್ಬನಿಗೆ ಹೆಚ್ಚು ಬೆಲೆ ಕೂಗುತ್ತಾನೆ. ಮುಂದಿನ ಹದಿನೇಳು ವರ್ಷ ನಡೆದದ್ದು ಈ ಹರಾಜು.

ನಿವೃತ್ತ ಮೇಷ್ಟರು

ತಿದ್ದುಪಡಿ ಮಾಡದಿದ್ದರೆ ಸರ್ಕಾರವೇ ಆಗುತ್ತಿರಲಿಲ್ಲ. ತಿದ್ದುಪಡಿಯ ನಂತರವೂ ಏನಾಯಿತು ನೋಡಿ. ಸೇನಾ ಮುಖ್ಯಸ್ಥ ರುಕ್ಮಾಂಗದ ಕಟವಾಲ್ ಅವರನ್ನು ಪ್ರಚಂಡ 2009ರ ಮೇ 3ರಂದು ವಜಾ ಮಾಡಿದರು. ರಾಷ್ಟ್ರಪತಿ ಯಾದವ್ ಅದೇ ರಾತ್ರಿ ಪತ್ರ ಬರೆದು, ನೀವು ಮುಂದುವರಿಯಿರಿ ಎಂದರು. ಮರುದಿನ ಪ್ರಚಂಡ ರಾಜೀನಾಮೆ. ಆಮೇಲೆ ಬಂದ ಮಾಧವ್ ಕುಮಾರ್ ನೇಪಾಳ್ 2010ರ ಜೂನ್ ಕೊನೆಗೆ ಇಳಿದ ಬಳಿಕ, ಹೊಸ ಪ್ರಧಾನಿಯನ್ನು ಆರಿಸಲು ಸಭೆ ಹದಿನೇಳು ಸುತ್ತು ಮತ ಹಾಕಿತು. ಏಳು ತಿಂಗಳು. ಕೊನೆಕೊನೆಗೆ ಕಾಂಗ್ರೆಸ್ಸಿನ ರಾಮಚಂದ್ರ ಪೌಡೇಲ್ ಒಬ್ಬರೇ ಅಭ್ಯರ್ಥಿ, ಎದುರಾಳಿಯೇ ಇಲ್ಲ, ಆದರೂ ಸೋಲು! ಗೆದ್ದದ್ದು ಎಮಾಲೆಯ ಝಲನಾಥ್ ಖನಾಲ್. ಪಾಪ, ಪೌಡೇಲರು 2023ರಲ್ಲಿ ರಾಷ್ಟ್ರಪತಿಯಾದರು ಎಂಬುದು ಸಮಾಧಾನ.

ಬೆಲ್‌ಫಾಸ್ಟ್ ಕನ್ನಡಿಗ

ನಾನು ಉತ್ತರ ಐರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ತುಂಗಾತೀರ ಅವರು ಹೇಳಿದ ‘ಯಾರನ್ನು ಬೇಕಾದರೂ ಹೊರಗಿಡಬಹುದು’ ಎಂಬ ರೋಗಕ್ಕೆ ಇಲ್ಲಿ ಒಂದು ಔಷಧ ಕಂಡುಹಿಡಿದಿದ್ದಾರೆ. ಔಷಧವೂ ರೋಗದಷ್ಟೇ ಕಹಿ.

1998ರ ಒಪ್ಪಂದದ ಪ್ರಕಾರ ಮೊದಲ ಸಚಿವ ಮತ್ತು ಉಪ ಮೊದಲ ಸಚಿವ ಎಂಬ ಎರಡು ಹುದ್ದೆಗಳಿವೆ. ಹೆಸರಿನಲ್ಲಿ ಮೇಲು ಕೆಳಗು, ಅಧಿಕಾರದಲ್ಲಿ ಸಮ. ಒಂದು ಬ್ರಿಟನ್ ಜೊತೆ ಇರಬೇಕೆನ್ನುವವರ ಕಡೆಗೆ, ಇನ್ನೊಂದು ಐರ್ಲೆಂಡ್ ಒಂದಾಗಬೇಕೆನ್ನುವವರ ಕಡೆಗೆ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಹುದ್ದೆಯೂ ತಾನಾಗಿ ಹೋಗುತ್ತದೆ. ಉಳಿದ ಬಹುತೇಕ ಖಾತೆಗಳು ಸ್ಥಾನಬಲಕ್ಕೆ ತಕ್ಕಂತೆ ಒಂದು ಗಣಿತ ಸೂತ್ರದ ಪ್ರಕಾರ ಸರದಿಯಲ್ಲಿ ಸಿಗುತ್ತವೆ. ಆರಿಸಿಕೊಳ್ಳುವುದಷ್ಟೇ, ಚೌಕಾಶಿ ಇಲ್ಲ. ಪ್ರಮುಖ ವಿಷಯಗಳಿಗೆ ಎರಡೂ ಕಡೆಯ ಒಪ್ಪಿಗೆ ಬೇಕು.

ಫಲ? 2007ರಲ್ಲಿ ಜೀವನವಿಡೀ ‘ಇಲ್ಲ’ ಎಂದೇ ಗುಡುಗಿದ್ದ ಬ್ರಿಟನ್ ಪರ ನಾಯಕ ಇಯನ್ ಪೈಸ್ಲಿ ಮತ್ತು ಐರ್ಲೆಂಡ್ ಒಂದಾಗಬೇಕೆಂದು ಬಂದೂಕು ಹಿಡಿದಿದ್ದ ಐಆರ್‌ಎ ಗುಂಪಿನ ಮಾಜಿ ಕಮಾಂಡರ್ ಮಾರ್ಟಿನ್ ಮೆಗಿನ್ನಿಸ್ ಒಟ್ಟಿಗೆ ಸರ್ಕಾರ ನಡೆಸಿದರು. ಎಷ್ಟು ನಗುತ್ತಿದ್ದರೆಂದರೆ ಪತ್ರಿಕೆಗಳು ಅವರನ್ನು ನಗುವ ಸಹೋದರರು ಎಂದು ಕರೆದವು. ಅದಕ್ಕೆ ಕೆಲವು ವಾರ ಮುಂಚೆ ಪೈಸ್ಲಿ ಮತ್ತು ಮೆಗಿನ್ನಿಸ್ ಪಕ್ಷದ ನಾಯಕ ಜೆರಿ ಆಡಮ್ಸ್ ಮೊದಲ ಬಾರಿ ಒಟ್ಟಿಗೆ ಕೂರುವಾಗ ಮೇಜುಗಳನ್ನು ವಜ್ರಾಕೃತಿಯಲ್ಲಿ ಜೋಡಿಸಿದ್ದರು. ಎದುರುಬದುರು ಕುಳಿತರೆ ಜಗಳದ ಹಾಗೆ, ಪಕ್ಕಪಕ್ಕ ಕುಳಿತರೆ ಗೆಳೆತನದ ಹಾಗೆ. ಮೂಲೆಗೆ ಮೂಲೆ ತಾಗಿ ಕುಳಿತರು. ಈ ವಿವರ ಹೇಳದೆ ಇರಲಾರೆ, ಕ್ಷಮಿಸಿ.

ಬೆಲೆ? 2002ರಿಂದ 2007, 2017ರಿಂದ 2020, 2022ರಿಂದ 2024. ಈ ಮೂರು ಅವಧಿಗಳಲ್ಲಿ ಇಲ್ಲಿ ಸರ್ಕಾರವೇ ನಡೆಯಲಿಲ್ಲ. ಒಬ್ಬರು ಮುನಿಸಿಕೊಂಡರೆ ಸಾಕು, ಬಾಗಿಲು ಮುಚ್ಚುತ್ತದೆ. ಆಸ್ಪತ್ರೆಯ ಕಾಯುವ ಪಟ್ಟಿ ಬೆಳೆಯುತ್ತಲೇ ಇರುತ್ತದೆ. ಬಡಾವಣೆಗಳ ನಡುವಿನ ಎತ್ತರದ ಗೋಡೆಗಳು ಇನ್ನೂ ನಿಂತಿವೆ. ಬಹುಪಾಲು ಮಕ್ಕಳು ಇಂದಿಗೂ ತಮ್ಮ ತಮ್ಮ ಕಡೆಯ ಶಾಲೆಗೇ ಹೋಗುತ್ತಾರೆ.

ತುಂಗಾತೀರ

ಹಾಗಾದರೆ ನೇಪಾಳದ ಹರಾಜೇ ವಾಸಿ ಎನ್ನುತ್ತೇನೆ. ನಿಮ್ಮಲ್ಲಿ ಮತದಾರ ಸಮುದಾಯದ ಗೂಡಿನಿಂದ ಹೊರಗೆ ಬರುವಂತಿಲ್ಲ. ಅಲ್ಲಿ ಕನಿಷ್ಠ ಪಕ್ಷಗಳನ್ನು ಸೋಲಿಸಬಹುದು. 2013ರ ಎರಡನೇ ಸಂವಿಧಾನ ಸಭೆಯಲ್ಲಿ ಮಾವೋವಾದಿಗಳನ್ನು ಜನ 80ಕ್ಕೆ ಇಳಿಸಿದರು. ಅವರು ಸಿಟ್ಟಾದರು, ಎಣಿಕೆಯಲ್ಲಿ ಮೋಸ ಎಂದು ಕೂಗಿದರು, ಆದರೆ ಕಾಡಿಗೆ ಹೋಗಲಿಲ್ಲ. ಸಭೆಗೆ ಬಂದು ಕುಳಿತರು. ನನಗೆ ಆ ದಿನವೇ ಯುದ್ಧ ಮುಗಿದ ದಿನ.

ಬೆಲ್‌ಫಾಸ್ಟ್ ಕನ್ನಡಿಗ

ಸಮುದಾಯದ ಗೂಡು ಇಲ್ಲವೆಂದು ಭಾರತದ ಗಡಿಗೆ ಹೊಂದಿದ ತರಾಯಿ ಬಯಲಿನ ಮಧೇಸಿ ಸಮುದಾಯದವರ ಎದುರು ಹೇಳಿ ನೋಡಿ. 2015ರ ಭೂಕಂಪದ ಬಳಿಕ ಜೂನಿನಲ್ಲಿ ದೊಡ್ಡ ಪಕ್ಷಗಳು ಹದಿನಾರು ಅಂಶಗಳ ಒಪ್ಪಂದ ಮಾಡಿಕೊಂಡು ಸೆಪ್ಟೆಂಬರಿನಲ್ಲಿ ಸಂವಿಧಾನವನ್ನು ಮುಗಿಸಿಯೇ ಬಿಟ್ಟವು. ಏಳು ವರ್ಷ ಆಗದ ಕೆಲಸ ಮೂರು ತಿಂಗಳಲ್ಲಿ. ಬಯಲುಸೀಮೆಯಲ್ಲಿ ಪ್ರತಿಭಟನೆಗಳಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಗಡಿ ಮುಚ್ಚಿ ತಿಂಗಳುಗಟ್ಟಲೆ ಇಂಧನವಿಲ್ಲ. ಬಂದೂಕು ಹಿಡಿದಿದ್ದವರಿಗೆ ಮೇಜಿನ ಸುತ್ತ ಕುರ್ಚಿ ಸಿಕ್ಕಿತು, ಹಿಡಿಯದೆ ಇದ್ದವರಿಗೆ ಸಿಗಲಿಲ್ಲ. ಅದು ಎಂತಹ ಪಾಠ ಕಲಿಸುತ್ತದೆ?

ರಾತ್ರಿಪಾಳಿ

ಇದು ಚೆನ್ನಾಗಿ ನಾಟಿತು. ಆದರೆ ಮೊದಲ ಸಂವಿಧಾನ ಸಭೆಯ 601ರಲ್ಲಿ 197 ಮಹಿಳೆಯರಿದ್ದರು ಎಂದು ಓದಿದ್ದೇನೆ. ಅದೂ ಈ ಹಂಚಿಕೆಯ ಫಲವೇ ಅಲ್ಲವೇ? ಎಲ್ಲವನ್ನೂ ಕುರ್ಚಿಕೋರರ ಖಾತೆಗೆ ಬರೆಯಬೇಡಿ.

ಕಾನೂನು ಕನ್ನಡಕ

ಇಷ್ಟು ಹೊತ್ತು ಸುಮ್ಮನಿದ್ದೆ. ಯಾರಾದರೂ ಎತ್ತುತ್ತಾರೆ ಎಂದು ಕಾದೆ, ಎತ್ತಲಿಲ್ಲ. ಅಧಿಕಾರ ಹಂಚಿಕೊಂಡವರು ಇನ್ನೊಂದನ್ನೂ ಹಂಚಿಕೊಂಡರು: ಮುಚ್ಚಿಡುವ ಕೆಲಸವನ್ನು.

2006ರ ಒಪ್ಪಂದ ಸ್ಪಷ್ಟವಾಗಿತ್ತು. ನಾಪತ್ತೆಯಾದವರ ಮತ್ತು ಕೊಲ್ಲಲ್ಪಟ್ಟವರ ವಿವರವನ್ನು ಅರವತ್ತು ದಿನಗಳಲ್ಲಿ ಪ್ರಕಟಿಸುವುದಾಗಿ ಎರಡೂ ಕಡೆ ಮಾತು ಕೊಟ್ಟಿದ್ದವು. ಸತ್ಯಶೋಧನಾ ಆಯೋಗ ಮತ್ತು ನಾಪತ್ತೆಯಾದವರ ತನಿಖಾ ಆಯೋಗ ರಚನೆಯಾದದ್ದು 2015ರ ಫೆಬ್ರುವರಿಯಲ್ಲಿ. ಎಂಟು ವರ್ಷಗಳ ನಂತರ! ಅದೂ ಗಂಭೀರ ಅಪರಾಧಗಳಿಗೂ ಕ್ಷಮಾದಾನ ಕೊಡಬಹುದಾದ ಕಾನೂನಿನಡಿ. ಸರ್ವೋಚ್ಚ ನ್ಯಾಯಾಲಯ ಅದೇ ತಿಂಗಳು ಆ ಅಂಶಗಳನ್ನು ತಳ್ಳಿಹಾಕಿತು. ಸತ್ಯಶೋಧನಾ ಆಯೋಗಕ್ಕೆ ಬಂದ ದೂರುಗಳು ಅರವತ್ತು ಸಾವಿರ ಮೀರಿದವು. ಹತ್ತು ವರ್ಷ ಕಳೆದರೂ ಕಡತಗಳು ಕಡತಗಳಾಗಿಯೇ ಉಳಿದವು.

ಏಕೆ? ಸಚಿವ ಸಂಪುಟದಲ್ಲಿ ಕುಳಿತ ಒಬ್ಬನ ಹಿಂದೆ ಚಿತ್ವನ್‌ನ ಮಾಡಿಯಲ್ಲಿ 2005ರಲ್ಲಿ ಮಾವೋವಾದಿಗಳ ನೆಲಬಾಂಬಿಗೆ ಸಿಕ್ಕ ಪ್ರಯಾಣಿಕರ ಬಸ್ಸು ಇದೆ. ಇನ್ನೊಬ್ಬನ ಹಿಂದೆ ಸೇನೆಯ ವಶದಲ್ಲಿ ಸತ್ತ ಕಾವ್ರೆಯ ಹದಿನೈದು ವರ್ಷದ ಹುಡುಗಿ ಇದ್ದಾಳೆ. ನೀನು ನನ್ನದನ್ನು ಕೆದಕಬೇಡ, ನಾನು ನಿನ್ನದನ್ನು ಕೆದಕುವುದಿಲ್ಲ. 2016ರ ಮೇ ತಿಂಗಳಲ್ಲಿ ಎಮಾಲೆಯ ಪ್ರಧಾನಿ ಓಲಿ ಅವರ ಸರ್ಕಾರ ಉರುಳುವ ಹಂತದಲ್ಲಿತ್ತು. ಅದನ್ನು ಉಳಿಸಿಕೊಳ್ಳಲು ಎಮಾಲೆ ಮಾವೋವಾದಿಗಳ ಜೊತೆ ಮಾಡಿಕೊಂಡ ಒಂಬತ್ತು ಅಂಶಗಳ ಒಪ್ಪಂದದಲ್ಲಿ ಯುದ್ಧಕಾಲದ ಮೊಕದ್ದಮೆಗಳನ್ನು ಹಿಂಪಡೆಯುವ ಮಾತು ಇತ್ತು. ಬೆಲೆಪಟ್ಟಿಯನ್ನು ಹೀಗೆ ಬಹಿರಂಗವಾಗಿ ಬರೆದದ್ದು ನಾನು ಬೇರೆಲ್ಲೂ ನೋಡಿಲ್ಲ. ಎರಡು ತಿಂಗಳಲ್ಲಿ ಮಾವೋವಾದಿಗಳು ಓಲಿಯನ್ನು ಬಿಟ್ಟು ದೇವುಬಾ ಕಡೆ ಹೋದರು, ಅದು ಬೇರೆ ಮಾತು.

ಪ್ರಚಂಡ 2020ರ ಜನವರಿಯಲ್ಲಿ, ಐದು ಸಾವಿರ ಸಾವುಗಳ ಹೊಣೆ ನಾನು ಹೊರುತ್ತೇನೆ ಎಂದು ಸಾರ್ವಜನಿಕ ಸಭೆಯಲ್ಲಿ ಹೇಳಿದರು. ಅದನ್ನೇ ಹಿಡಿದು ಸಂತ್ರಸ್ತರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಮಗನ ಕೊಲೆಗೆ ನ್ಯಾಯ ಕೇಳಿ ಗೋರ್ಖಾದ ದಂಪತಿ ಉಪವಾಸ ಕುಳಿತರು. ಗಂಡ 2014ರಲ್ಲಿ ಆ ಉಪವಾಸದಲ್ಲೇ ಸತ್ತ. ಶವವನ್ನು ಪಡೆಯಲು ಹೆಂಡತಿ ಒಪ್ಪಲಿಲ್ಲ, ಅದು ವರ್ಷಗಟ್ಟಲೆ ಶವಾಗಾರದಲ್ಲೇ ಉಳಿಯಿತು. ಆ ಅವಧಿಯಲ್ಲಿ ಪ್ರಧಾನಿಗಳು ಎಷ್ಟು ಬಾರಿ ಬದಲಾದರು ಎಂದು ಎಣಿಸಿ ನೋಡಿ.

ನ್ಯಾಯವಾಗಿ ಇದನ್ನೂ ಹೇಳಬೇಕು: 2024ರ ಆಗಸ್ಟಿನಲ್ಲಿ ಮೂರೂ ಪಕ್ಷಗಳು ಸೇರಿ ಕಾನೂನನ್ನು ತಿದ್ದಿದವು. ಸಂತ್ರಸ್ತರಲ್ಲಿ ಹಲವರು ಕೊರತೆಗಳ ನಡುವೆಯೂ ಅದನ್ನು ಸ್ವಾಗತಿಸಿದರು. ಅದಕ್ಕೆ ಒಂದು ತಿಂಗಳು ಮೊದಲಷ್ಟೇ ಓಲಿ ಮತ್ತು ದೇವುಬಾ ಸೇರಿ ಪ್ರಚಂಡರನ್ನು ಇಳಿಸಿದ್ದರು.

ನಿವೃತ್ತ ಮೇಷ್ಟರು

ಒಪ್ಪುತ್ತೇನೆ, ಆದರೆ ಒಂದು ಪ್ರಶ್ನೆ. 2006ರಲ್ಲಿ ಮೊದಲು ಮೊಕದ್ದಮೆ, ಆಮೇಲೆ ಕುರ್ಚಿ ಎಂದಿದ್ದರೆ ಯಾವ ಕಮಾಂಡರ್ ಬಂದೂಕನ್ನು ಪೆಟ್ಟಿಗೆಯಲ್ಲಿ ಇಡುತ್ತಿದ್ದ? ಯಾವ ಸೇನಾಧಿಕಾರಿ ಬ್ಯಾರಕ್ಕಿಗೆ ಮರಳುತ್ತಿದ್ದ? ಶ್ರೀಲಂಕಾದಲ್ಲಿ 2009ರಲ್ಲಿ ಹಂಚಿಕೆಯೇ ಇಲ್ಲದೆ ಯುದ್ಧ ಮುಗಿಯಿತು, ಅಲ್ಲಿಯೂ ನಾಪತ್ತೆಯಾದವರ ತಾಯಂದಿರು ಫೋಟೊ ಹಿಡಿದು ರಸ್ತೆಬದಿಯಲ್ಲೇ ಕುಳಿತಿದ್ದಾರೆ.

ಕಾನೂನು ಕನ್ನಡಕ

2006ರಲ್ಲಿ ಮೊಕದ್ದಮೆ ಹೂಡಿ ಎಂದು ನಾನು ಕೇಳುತ್ತಿಲ್ಲ. 2012ರಲ್ಲಿ ಶಿಬಿರಗಳು ಖಾಲಿಯಾದವು. ಆ ಮೇಲೆ ಯಾವ ಪೆಟ್ಟಿಗೆಯ ಭಯ ಇತ್ತು? ಅಲ್ಲಿಂದಾಚೆಗಿನ ಪ್ರತಿ ವರ್ಷಕ್ಕೂ ಶಾಂತಿಯ ಹೆಸರು ಹೇಳುವಂತಿಲ್ಲ. ಆಮೇಲಿನದು ಬರೀ ಪರಸ್ಪರ ಅನುಕೂಲ.

ತುಂಗಾತೀರ

ಪರಸ್ಪರ ಅನುಕೂಲಕ್ಕೆ ಲೆಕ್ಕ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. 2022ರ ಚುನಾವಣೆಯಲ್ಲಿ 275ರಲ್ಲಿ 32 ಸ್ಥಾನ ಗೆದ್ದು ಪ್ರಧಾನಿಯಾದ ಪ್ರಚಂಡ, ಎರಡು ವರ್ಷ ತುಂಬುವ ಮೊದಲೇ ಐದು ವಿಶ್ವಾಸಮತ ಕೇಳಿದರು, ನಾಲ್ಕು ಗೆದ್ದರು. ಆಮೇಲೆ ಮೊದಲ ಎರಡು ದೊಡ್ಡ ಪಕ್ಷಗಳೇ ಸೇರಿ ಓಲಿ ಸ್ವಲ್ಪ ಕಾಲ, ದೇವುಬಾ ಸ್ವಲ್ಪ ಕಾಲ ಎಂದು ಹಂಚಿಕೊಂಡವು. ವಿರೋಧ ಪಕ್ಷ ಎಂಬುದು ಉಳಿಯಲಿಲ್ಲ. ಮೂವರೂ ಒಳಗಿದ್ದು ಹೊರಬಂದವರು, ಹೊರಗಿದ್ದು ಒಳಹೋದವರು. ಸೆಪ್ಟೆಂಬರ್ 8ರಂದು ಹುಡುಗರು ಬೀದಿಗೆ ಬಂದರು. ಮೊದಲ ದಿನವೇ 19 ಸಾವು. ಮರುದಿನ ಸಂಸತ್ತು, ಸರ್ಕಾರದ ಆಡಳಿತ ಕೇಂದ್ರ ಸಿಂಹದರ್ಬಾರ್, ಸರ್ವೋಚ್ಚ ನ್ಯಾಯಾಲಯ ಎಲ್ಲಕ್ಕೂ ಬೆಂಕಿ. ಓಲಿ ಇಳಿದರು. ಮೂರು ದಿನದ ನಂತರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. ಮಾವೋವಾದಿಗಳು ಹತ್ತು ವರ್ಷ ಹೋರಾಡಿಯೂ ಮುಟ್ಟಲಾಗದ ಸಿಂಹದರ್ಬಾರ್, ಮೊಬೈಲ್ ಹಿಡಿದ ಹುಡುಗರ ಎದುರು ಒಂದು ಮಧ್ಯಾಹ್ನದಲ್ಲಿ ಸುಟ್ಟುಹೋಯಿತು.

ರಾತ್ರಿಪಾಳಿ

ನ್ಯಾಯಾಲಯದ ಕಟ್ಟಡ ಸುಟ್ಟಿತು ಎಂದಿರಿ. ಅಲ್ಲಿದ್ದ ಯುದ್ಧಕಾಲದ ಮೊಕದ್ದಮೆಗಳ ಕಾಗದಗಳು?

ಕಾನೂನು ಕನ್ನಡಕ

ಅಂದು ಸುದ್ದಿ ನೋಡುವಾಗ ನನಗೂ ಮೊದಲು ಬಂದ ಯೋಚನೆ ಅದೇ.

ರೋಲ್ಪಾದ ಮೊಮ್ಮಗಳು

ಅಪ್ಪನಿಗೂ ಅದೇ ಬಂತು. ನಮ್ಮ ದೊಡ್ಡಪ್ಪನನ್ನು 2002ರಲ್ಲಿ ಸೇನೆಯವರು ಹೊಲದಿಂದ ಕರೆದುಕೊಂಡು ಹೋಗಿದ್ದರು. ಮೊದಲ ಬಾರಿ ಬರೆದಾಗ ಇದನ್ನು ಹೇಳಿರಲಿಲ್ಲ, ಏಕೆಂದರೆ ತಂಗಿಯನ್ನು ಒಂದು ಕಡೆಯವರು, ಅಣ್ಣನನ್ನು ಇನ್ನೊಂದು ಕಡೆಯವರು ಒಯ್ದರು ಎಂದು ಬರೆದರೆ ಕಥೆ ಕಟ್ಟಿದ ಹಾಗೆ ಕಾಣುತ್ತದೆ ಎಂದುಕೊಂಡೆ. ರೋಲ್ಪಾದಲ್ಲಿ ಅಂತಹ ಮನೆಗಳು ತುಂಬ ಇವೆ.

ಮಧ್ಯಂತರ ಪರಿಹಾರದ ಹಣ ಬಂದಿತು, ಕಂತಿನಲ್ಲಿ. ದೊಡ್ಡಮ್ಮ ಅದನ್ನು ತೆಗೆದುಕೊಂಡರು. ಆದರೆ ಸಿಂಧೂರ ಅಳಿಸಿಲ್ಲ, ಕೆಂಪು ಮಣಿಸರ ತೆಗೆದಿಲ್ಲ. ಸತ್ತರೆಂದು ಯಾರೂ ಹೇಳಿಲ್ಲವಲ್ಲ ಎನ್ನುತ್ತಾರೆ. ಆಯೋಗಕ್ಕೆ ದೂರು ಕೊಟ್ಟದ್ದು 2016ರಲ್ಲಿ. ಜಿಲ್ಲೆಯ ಸ್ಥಳೀಯ ಶಾಂತಿ ಸಮಿತಿಯ ಕಚೇರಿಗೆ ಒಂದು ದಿನ ನಡೆದು ಹೋಗಿ ಕೊಟ್ಟರು. ಅದರ ನೋಂದಣಿ ಚೀಟಿ ಈಗ ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲಿದೆ, ಊರಿನ ಮನೆಯಲ್ಲಿ ಸೋರುತ್ತದೆ ಎಂದು ಅಪ್ಪ ತಂದಿಟ್ಟುಕೊಂಡರು. ಕಠ್ಮಂಡುವಿನಲ್ಲಿ ಹೊಗೆ ಏಳುವುದನ್ನು ಟಿವಿಯಲ್ಲಿ ನೋಡಿದ ರಾತ್ರಿ ಅಪ್ಪ ಪೆಟ್ಟಿಗೆ ತೆಗೆದು ಚೀಟಿಯನ್ನು ದೀಪಕ್ಕೆ ಹಿಡಿದರು. ಶಾಯಿ ಮಾಸಿತ್ತು, ಕೊನೆಯ ಎರಡು ಅಂಕಿ ಒಂದೋ ಏಳೋ ತಿಳಿಯುವಂತಿರಲಿಲ್ಲ. ಮರುದಿನ ಬೀದಿಯ ಕೊನೆಯ ಝೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಟ್ ಮಾಡಿಸಿಕೊಂಡು ಬಂದೆ. ಇಪ್ಪತ್ತು ರೂಪಾಯಿ ಆಯಿತು.